ಶಾಯಿ, ಪೆನ್ಸಿಲಿನಲ್ಲಿ ಹಳ್ಳಿಯ ನೋಟ: ಬಿಳಿಯನ್ನು ಉಳಿಸಿಕೊಳ್ಳುತ್ತ ಬಿಡಿಸುವುದು ಹೇಗೆ

ಬಣ್ಣದ ಚಿತ್ರದಲ್ಲಿ ತಪ್ಪಿದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ಶಾಯಿಯಲ್ಲಿ ಆ ಅವಕಾಶವಿಲ್ಲ. ಒಮ್ಮೆ ಕಪ್ಪಾದ ಜಾಗ ಮತ್ತೆ ಬೆಳ್ಳಗಾಗುವುದಿಲ್ಲ. ಪೆನ್ಸಿಲಿನಲ್ಲಿ ಅಳಿಸಬಹುದಾದರೂ ಅಳಿಸಿದ ಕಾಗದಕ್ಕೆ ಮೊದಲಿನ ಹೊಳಪು ಬರುವುದಿಲ್ಲ. ಬಿಸಿಲು ಬಿದ್ದ ದಾರಿ, ಮನೆಯ ಹೊಳೆಯುವ ಮಾಡು (ಛಾವಣಿ), ತಿಳಿ ಆಕಾಶ ಇವೆಲ್ಲ ಈ ಮಾಧ್ಯಮದಲ್ಲಿ ಬರೀ ಕಾಗದವೇ. ಹಾಗಾಗಿ ಗೆರೆ ಎಲ್ಲಿ ಹಾಕಬೇಕು ಎಂದು ಯೋಚಿಸುವ ಮೊದಲು ಕಾಗದವನ್ನು ಎಲ್ಲಿ ಮುಟ್ಟಬಾರದು ಎಂದು ತೀರ್ಮಾನಿಸಿಕೊಳ್ಳಿ. ಮುಂದೆ ಹೇಳಿರುವ ಹಂತಗಳೆಲ್ಲ ಈ ಒಂದು ತೀರ್ಮಾನವನ್ನು ಕೊನೆಯವರೆಗೂ ಕಾಪಾಡಿಕೊಳ್ಳುವುದಕ್ಕಾಗಿಯೇ ಇವೆ.

ಸಾಮಗ್ರಿ

ಪೆನ್ಸಿಲು ಐದು ಸಾಕು: 2ಎಚ್, ಎಚ್‌ಬಿ, 2ಬಿ, 4ಬಿ, 6ಬಿ. ಎಚ್ ಎಂದರೆ ಗಟ್ಟಿ, ಬಿ ಎಂದರೆ ಕಪ್ಪು; ಅಂಕಿ ಹೆಚ್ಚಾದಷ್ಟೂ ಆ ಗುಣ ಹೆಚ್ಚು. ಪೆನ್ಸಿಲಿನ ಕಡ್ಡಿಯೆಂದರೆ ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣನ್ನು ಕಲಸಿ ಸುಟ್ಟದ್ದು. ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಜೇಡಿ ಹೆಚ್ಚಾದಷ್ಟೂ ಕಡ್ಡಿ ಗಟ್ಟಿ, ಗೆರೆ ಮಾಸಲು. ಗ್ರಾಫೈಟ್ ಹೆಚ್ಚಾದಷ್ಟೂ ಕಡ್ಡಿ ಮೆದು, ಗೆರೆ ಕಪ್ಪು. ಇದನ್ನು ತಿಳಿದಿದ್ದರೆ ಹೊಸಬರು ಮಾಡುವ ಒಂದು ದೊಡ್ಡ ತಪ್ಪು ತಾನಾಗಿ ತಪ್ಪುತ್ತದೆ. ಎಚ್‌ಬಿಯನ್ನು ಎಷ್ಟೇ ಒತ್ತಿದರೂ ಅದು 6ಬಿ ಆಗುವುದಿಲ್ಲ. ಕಾಗದದಲ್ಲಿ ಗುಳಿ ಬೀಳುತ್ತದೆ, ಆ ಜಾಗ ಸೀಸದಂತೆ ಮಿರುಗತೊಡಗುತ್ತದೆ, ಮೇಲೆ ಇನ್ನೇನೂ ಹತ್ತುವುದಿಲ್ಲ. ಕಪ್ಪು ಬೇಕಾದಾಗ ಪೆನ್ಸಿಲನ್ನು ಬದಲಿಸಿ, ಒತ್ತಡವನ್ನು ಹೆಚ್ಚಿಸಬೇಡಿ.

ಶಾಯಿಗೆ 0.1, 0.3, 0.5 ಮಿ.ಮೀ. ಮೊನೆಯ ಮೂರು ಫೈನ್‌ಲೈನರ್ ಪೆನ್ನುಗಳು ಬೇಕು. ಪೆನ್ನಿನ ಮೇಲೆ ಪಿಗ್ಮೆಂಟ್ ಶಾಯಿ, ನೀರಿಗೆ ಕರಗದ್ದು ಎಂದು ಬರೆದಿರಬೇಕು. ಸಾಮಾನ್ಯ ಡೈ ಶಾಯಿ ಬೆಳಕಿಗೆ ಮಾಸುತ್ತದೆ, ಒಂದು ಹನಿ ಬೆವರು ತಾಗಿದರೂ ಕದಡುತ್ತದೆ. ಗೆರೆಯ ದಪ್ಪ ಒಂದೇ ಎಳೆತದಲ್ಲಿ ಹಿಗ್ಗಿ ಕುಗ್ಗಬೇಕೆನ್ನುವವರು ಹಿಡಿಗೆ ಲೋಹದ ನಿಬ್ ಸಿಕ್ಕಿಸಿ ಅದ್ದಿ ಬರೆಯುವ ಡಿಪ್ ಪೆನ್ ಮತ್ತು ಇಂಡಿಯನ್ ಇಂಕ್ ತೆಗೆದುಕೊಳ್ಳಲಿ. ಈ ಶಾಯಿಯನ್ನು ಫೌಂಟನ್ ಪೆನ್ನಿಗೆ ಮಾತ್ರ ತುಂಬಬಾರದು. ಅದರಲ್ಲಿರುವ ಇಂಗಾಲದ ಕಣ ಮತ್ತು ಅರಗು ಒಣಗಿ ಪೆನ್ನಿನ ಒಳದಾರಿಯನ್ನೇ ಮುಚ್ಚಿಬಿಡುತ್ತವೆ. ಹೊಸ ನಿಬ್ಬಿನ ಮೇಲೆ ತುಕ್ಕು ಹಿಡಿಯದಿರಲು ಎಣ್ಣೆ ಸವರಿರುತ್ತಾರೆ. ಸಾಬೂನು ನೀರಿನಿಂದ ಒರೆಸಿದ ಮೇಲೆಯೇ ಶಾಯಿ ಅದರ ಮೇಲೆ ಸರಿಯಾಗಿ ನಿಲ್ಲುವುದು.

ಪೆನ್ಸಿಲಿಗೆ ಸ್ವಲ್ಪ ಉರುಟು ಮೈಯ 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಕಾರ್ಟ್ರಿಜ್ ಕಾಗದ, ಶಾಯಿಗೆ ನುಣುಪು ಮೈಯ 200 ಜಿಎಸ್‌ಎಂ ಕಾಗದ ಸರಿ. ಜೆರಾಕ್ಸಿಗೆ ಬಳಸುವ 80 ಜಿಎಸ್‌ಎಂ ಹಾಳೆಯಲ್ಲಿ ಅಭ್ಯಾಸ ಮಾಡಬಹುದು. ಆದರೆ ಡಿಪ್ ಪೆನ್ನಿನ ಶಾಯಿ ಅದರ ನಾರಿನೊಳಗೆ ಹರಿದು ಗೆರೆಯ ಅಂಚಿಗೆ ಕೂದಲು ಮೂಡಿದಂತೆ ಕಾಣುತ್ತದೆ.

ಇವುಗಳ ಜತೆಗೆ ಹಿಟ್ಟಿನಂತೆ ನಾದಬಹುದಾದ ನೀಡೆಡ್ ರಬ್ಬರ್, ಒಂದು ಬ್ಲೇಡು, ರಟ್ಟಿನ ಹಲಗೆ, ಎರಡು ಕ್ಲಿಪ್ಪು, ಕೈಯಡಿ ಇಟ್ಟುಕೊಳ್ಳಲು ಒಂದು ಖಾಲಿ ಹಾಳೆ ಇರಲಿ. ಇನ್ನೊಂದನ್ನು ನೀವೇ ಮಾಡಿಕೊಳ್ಳಬೇಕು. ಗಟ್ಟಿ ರಟ್ಟಿನ ನಡುವೆ 6×9 ಸೆಂ.ಮೀ. ಕಿಂಡಿ ಕತ್ತರಿಸಿ. ಚಿತ್ರದ ಚೌಕಟ್ಟು ಎ4 ಹಾಳೆಯಲ್ಲಿ 16×24 ಸೆಂ.ಮೀ. ಇದ್ದರೆ ಎರಡರ ಉದ್ದಗಲದ ಅನುಪಾತ ಒಂದೇ ಆಗುತ್ತದೆ. ಕಿಂಡಿಯಲ್ಲಿ ಕಂಡದ್ದು ಹಾಗೇ ಕಾಗದದ ಮೇಲೆ ಕೂರುತ್ತದೆ.

ಜಾಗ, ಹೊತ್ತು, ಕಿಂಡಿ

ನಡುಮಧ್ಯಾಹ್ನದ ಬೆಳಕಿನಲ್ಲಿ ಬಿಡಿಸುವುದು ಕಷ್ಟ. ನೆರಳೆಲ್ಲ ವಸ್ತುಗಳ ಕಾಲಡಿಗೆ ಸರಿದು, ಗೋಡೆ, ನೆಲ, ಮಾಡು ಎಲ್ಲವೂ ಒಂದೇ ಬಿಳುಪಾಗಿ ಕಾಣುತ್ತವೆ. ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರ ನಂತರದ ಹೊತ್ತು ಒಳ್ಳೆಯದು. ಮನೆಯ ಒಂದು ಪಕ್ಕ ಬೆಳಗಿ ಇನ್ನೊಂದು ಪಕ್ಕ ಪೂರ್ತಿ ನೆರಳಲ್ಲಿರುತ್ತದೆ. ಆದರೆ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಒಂದೂವರೆ ಗಂಟೆಯಲ್ಲಿ ನೆರಳಿನ ದಿಕ್ಕು, ಉದ್ದ ಎರಡೂ ಬದಲಾಗಿರುತ್ತವೆ. ಆದ್ದರಿಂದ ಕೂತ ಮೊದಲ ಹತ್ತು ನಿಮಿಷದಲ್ಲೇ ಮುಖ್ಯ ನೆರಳುಗಳ ಅಂಚನ್ನು ತೆಳುವಾಗಿ ಗುರುತಿಸಿ, ಬಿಸಿಲು ಬರುವ ದಿಕ್ಕಿಗೆ ಹಾಳೆಯ ಅಂಚಿನಲ್ಲಿ ಒಂದು ಬಾಣ ಹಾಕಿ. ಆಮೇಲೆ ಎದುರಿನ ನೆರಳು ಎತ್ತ ಸರಿದರೂ ಹಾಳೆಯಲ್ಲಿ ಗುರುತಿಸಿದ್ದನ್ನೇ ನಂಬಬೇಕು. ಮರದ ನೆರಳು ಎಂಟು ಗಂಟೆಯದು, ಮನೆಯ ನೆರಳು ಹತ್ತರದು ಆಗಿರುವ ಚಿತ್ರ ನೋಡುವವರಿಗೆ ಕಾರಣ ಹೊಳೆಯದೆಯೂ ಸುಳ್ಳೆನಿಸುತ್ತದೆ.

ಕೂರುವಾಗ ಕಾಗದದ ಮೇಲೆ ನೇರ ಬಿಸಿಲು ಬೀಳದಂತೆ ಕೂತುಕೊಳ್ಳಿ. ಬೆಳಗುವ ಕಾಗದದ ಮೇಲೆ ಛಾಯೆಯ ಅಂದಾಜು ಸಿಗುವುದಿಲ್ಲ.

ಕಿಂಡಿಯನ್ನು ಒಂದು ಕಣ್ಣು ಮುಚ್ಚಿ ಹಿಡಿಯಿರಿ. ಕಣ್ಣಿನಿಂದ 15 ಸೆಂ.ಮೀ. ದೂರದಲ್ಲಿ ಹಿಡಿದರೆ ಅಗಲವಾದ ನೋಟ, 30 ಸೆಂ.ಮೀ. ದೂರಕ್ಕೆ ಒಯ್ದರೆ ಅದರ ಸುಮಾರು ಅರ್ಧ ಅಗಲ ಮಾತ್ರ ಕಾಣುತ್ತದೆ. ಹೊಸಬರು ಎಲ್ಲವನ್ನೂ ಹಿಡಿಯುವ ಆಸೆಗೆ ಕಿಂಡಿಯನ್ನು ಕಣ್ಣಿಗೆ ತೀರಾ ಹತ್ತಿರ ತರುತ್ತಾರೆ. ಆಗ ಮನೆ ಬೆಂಕಿಪೊಟ್ಟಣದಷ್ಟಾಗಿ, ಚಿತ್ರದ ಮುಕ್ಕಾಲು ಭಾಗ ಖಾಲಿ ನೆಲವೇ ಆಗಿಬಿಡುತ್ತದೆ. ತೋಳು ಚಾಚಿ ಹಿಡಿದು, ಒಂದು ಮನೆ, ಒಂದು ಮರ, ಒಂದು ದಾರಿಯಷ್ಟನ್ನೇ ಆರಿಸಿಕೊಳ್ಳುವುದು ಮೇಲು.

ಈ ಲೇಖನದುದ್ದಕ್ಕೂ ಒಂದೇ ನೋಟವನ್ನು ಇಟ್ಟುಕೊಳ್ಳೋಣ. ಎಡಕ್ಕೆ ದೊಡ್ಡ ಮರ, ಅದರ ಪಕ್ಕ ಹುಲ್ಲು ಹೊದಿಸಿದ ಮನೆ. ಮುಂದಿನಿಂದ ಮನೆಯತ್ತ ಬಳುಕುತ್ತ ಹೋಗುವ ಮಣ್ಣಿನ ದಾರಿ, ದಾರಿಯ ಬಲಕ್ಕೆ ಗೂಟದ ಬೇಲಿ. ಹಿಂದೆ ಉತ್ತ ಹೊಲ, ಅದರಾಚೆ ಗುಡ್ಡ.

ಬೆರಳುದ್ದದ ಕರಡು

ದೊಡ್ಡ ಹಾಳೆಗೆ ಕೈ ಹಾಕುವ ಮೊದಲು 5×7.5 ಸೆಂ.ಮೀ. ಅಳತೆಯ ಮೂರು ಪುಟ್ಟ ಚೌಕಟ್ಟು ಹಾಕಿ. ಪ್ರತಿಯೊಂದಕ್ಕೂ ಐದು ನಿಮಿಷ, 4ಬಿ ಪೆನ್ಸಿಲು, ಮೂರೇ ಛಾಯೆ: ಕಾಗದದ ಬಿಳಿ, ನಡುಬೂದು, ಕಪ್ಪು. ಕಣ್ಣನ್ನು ಅರೆಮುಚ್ಚಿ ನೋಡಿದರೆ ಎಲೆ, ಹುಲ್ಲು, ಬಿರುಕು ಎಲ್ಲ ಕರಗಿ ಮೂರು ನಾಲ್ಕು ದೊಡ್ಡ ತೇಪೆಗಳಷ್ಟೇ ಉಳಿಯುತ್ತವೆ. ಆ ತೇಪೆಗಳನ್ನೇ ಹಾಕಿ. ನಮ್ಮ ನೋಟದಲ್ಲಿ ಬಿಳಿ ಉಳಿಯುವುದು ಆಕಾಶ, ದಾರಿ ಮತ್ತು ಮಾಡಿನ ಬಿಸಿಲು ಮುಖದಲ್ಲಿ. ನಡುಬೂದು ಬರುವುದು ಹೊಲ, ಗುಡ್ಡ, ಹುಲ್ಲಿನಲ್ಲಿ. ಕಪ್ಪು ಬರುವುದು ಸೂರಿನಡಿ, ಬಾಗಿಲಿನೊಳಗೆ, ಮರದ ಬುಡದ ನೆರಳಲ್ಲಿ. ಅತಿ ಕಪ್ಪು ಬಾಗಿಲು ಅತಿ ಬಿಳಿ ಮಾಡಿನ ಕೆಳಗೇ ಇದೆಯಾದ್ದರಿಂದ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕಣ್ಣು ಅಲ್ಲಿಗೆ ಹೋಗುವುದು ನಿಮಗೆ ಬೇಡವಾದರೆ ಈಗಲೇ ಜಾಗ ಬದಲಿಸಿ. ಮೂರು ಕರಡುಗಳಲ್ಲಿ ದಿಗಂತವನ್ನು ಮೂರು ಎತ್ತರದಲ್ಲಿ ಇಟ್ಟು ನೋಡಿ. ಸರಿ ನಡುವೆ ಇಟ್ಟದ್ದು ಚಿತ್ರವನ್ನು ಎರಡು ಹೋಳು ಮಾಡುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈ ಹದಿನೈದು ನಿಮಿಷವನ್ನು ಉಳಿಸಲು ಹೋದವರು ಆಮೇಲೆ ಮೂರು ಗಂಟೆ ಕಳೆದುಕೊಳ್ಳುತ್ತಾರೆ. ಮುಖ್ಯ ಹಾಳೆಯನ್ನು ಕೆಡಿಸುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಕಣ್ಣಿಗೆ ಬೀಳುತ್ತವೆ.

ಕಣ್ಮಟ್ಟದ ಲೆಕ್ಕ

ಸಮತಟ್ಟು ನೆಲದಲ್ಲಿ ದಿಗಂತ ಯಾವಾಗಲೂ ನೋಡುವವರ ಕಣ್ಣಿನ ಎತ್ತರದಲ್ಲೇ ಇರುತ್ತದೆ. ಈ ಒಂದು ಸಂಗತಿಯಿಂದ ಮನೆ, ಬಾಗಿಲು, ಬೇಲಿ, ಮನುಷ್ಯರು ಎಲ್ಲರ ಅಳತೆಯನ್ನೂ ತೆಗೆಯಬಹುದು. 16 ಸೆಂ.ಮೀ. ಎತ್ತರದ ಚೌಕಟ್ಟಿನಲ್ಲಿ ದಿಗಂತವನ್ನು ಕೆಳಗಿನಿಂದ 6 ಸೆಂ.ಮೀ.ಗೆ ಇಟ್ಟಿದ್ದೀರಿ, ನೀವು ನಿಂತಿದ್ದೀರಿ, ಕಣ್ಣು ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಮನೆಯ ಗೋಡೆ ನೆಲಕ್ಕೆ ತಾಗುವ ಜಾಗ ದಿಗಂತದಿಂದ 2 ಸೆಂ.ಮೀ. ಕೆಳಗಿದ್ದರೆ, ಆ ದೂರದಲ್ಲಿ 2 ಸೆಂ.ಮೀ. ಎಂದರೆ 1.5 ಮೀಟರ್. ಆಗ 1.8 ಮೀಟರ್ ಎತ್ತರದ ಬಾಗಿಲು 2.4 ಸೆಂ.ಮೀ. ಆಗುತ್ತದೆ, ಅದರ ನೆತ್ತಿ ದಿಗಂತಕ್ಕಿಂತ 4 ಮಿ.ಮೀ. ಮಾತ್ರ ಮೇಲಿರುತ್ತದೆ. ಹತ್ತಿರದ ಬೇಲಿಗೂಟದ ಬುಡ ದಿಗಂತದಿಂದ 5 ಸೆಂ.ಮೀ. ಕೆಳಗಿದ್ದರೆ 1.2 ಮೀಟರಿನ ಗೂಟ 4 ಸೆಂ.ಮೀ. ಎತ್ತರ. ದಾರಿಯಲ್ಲಿ ನಡೆಯುವವರು ನಿಮ್ಮಷ್ಟೇ ಎತ್ತರದವರಾದರೆ ಹತ್ತಿರವಿರಲಿ, ದೂರವಿರಲಿ, ಅವರ ಕಣ್ಣು ದಿಗಂತದ ಗೆರೆಯ ಮೇಲೇ ಬರುತ್ತದೆ. ದೂರ ಹೋದಂತೆ ಪಾದ ಮಾತ್ರ ಮೇಲೇರುತ್ತದೆ. ಜನರು ಗಾಳಿಯಲ್ಲಿ ತೇಲಿದಂತೆಯೋ ಕುಬ್ಜರಂತೆಯೋ ಕಾಣುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಈ ಲೆಕ್ಕವೇ ತಪ್ಪಿರುತ್ತದೆ. ನೀವು ಸ್ಟೂಲಿನ ಮೇಲೆ ಕೂತು ಬಿಡಿಸುವುದಾದರೆ ಕಣ್ಣಿನ ಎತ್ತರ ಕಡಿಮೆಯಾಗಿ, ನಿಂತವರ ತಲೆಗಳು ದಿಗಂತವನ್ನು ದಾಟಿ ಮೇಲೆ ಹೋಗುತ್ತವೆ.

ಮರಕ್ಕೂ ಇದೇ ಲೆಕ್ಕ. ಮನೆಯಷ್ಟೇ ದೂರದಲ್ಲಿರುವ 9 ಮೀಟರ್ ಮರ 12 ಸೆಂ.ಮೀ. ಆಗಿ, ಅದರ ನೆತ್ತಿ ಚೌಕಟ್ಟಿನ ಮೇಲಂಚಿಗೆ ಸರಿಯಾಗಿ ತಾಗುತ್ತದೆ. ಅಂಚಿಗೆ ತಾಗಿ ನಿಂತ ಮರ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಂತೆ ಕಾಣುತ್ತದೆ. ಒಂದೋ ದಿಗಂತವನ್ನು ಇಳಿಸಿ ನೆತ್ತಿಗೆ ಜಾಗ ಬಿಡಿ, ಇಲ್ಲವೇ ಮರ ಅಂಚನ್ನು ದಾಟಿ ಹೊರಗೆ ಹೋಗುವಂತೆ ಕತ್ತರಿಸಿ.

ಕಣ್ಮಟ್ಟಕ್ಕಿಂತ ಮೇಲಿರುವ ಸೂರಿನ ಗೆರೆ ದೂರ ಹೋದಂತೆ ದಿಗಂತದತ್ತ ಇಳಿಯುತ್ತದೆ, ಕೆಳಗಿರುವ ಗೋಡೆಯ ಬುಡದ ಗೆರೆ ದಿಗಂತದತ್ತ ಏರುತ್ತದೆ. ಸಮನಾದ ದಾರಿಯ ಎರಡು ಅಂಚು ದಿಗಂತದಲ್ಲಿ ಕೂಡುತ್ತವೆ. ಏರುದಾರಿಯ ಅಂಚು ದಿಗಂತಕ್ಕಿಂತ ಮೇಲೆ ಕೂಡುವಂತೆ ಸಾಗುತ್ತವೆ, ಇಳಿದಾರಿಯವು ಕೆಳಗೆ. ಬಳುಕುವ ದಾರಿಯಲ್ಲಿ ದೂರದ ತಿರುವುಗಳು ಅಡ್ಡಕ್ಕೆ ಚಪ್ಪಟೆಯಾಗುತ್ತ ಹೋಗಬೇಕು. ಎಲ್ಲ ತಿರುವನ್ನೂ ಒಂದೇ ದುಂಡಗೆ ಬಿಡಿಸಿದರೆ ದಾರಿ ನೆಲದ ಮೇಲೆ ಮಲಗದೆ ಹಾವಿನಂತೆ ಗೋಡೆ ಹತ್ತುತ್ತದೆ.

ಇಷ್ಟನ್ನು ಎಚ್‌ಬಿಯಲ್ಲಿ ತೀರಾ ಹಗುರವಾಗಿ ಹಾಕಿ. ಪೆನ್ಸಿಲನ್ನು ಹಿಂದಿನಿಂದ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಮುಖ್ಯ ಆಕಾರಗಳು, ನೆರಳಿನ ಅಂಚುಗಳು, ಬಿಳಿ ಉಳಿಯಬೇಕಾದ ಜಾಗಗಳ ಗಡಿ ಇವಿಷ್ಟೇ ಬೇಕು. ಎಲೆ, ಹುಲ್ಲನ್ನು ಈಗ ಬಿಡಿಸಬೇಡಿ.

ಪೆನ್ಸಿಲಿನಲ್ಲಿ ಮುಗಿಸುವುದಾದರೆ

ಹಿಂದಿನಿಂದ ಮುಂದಕ್ಕೆ ಬನ್ನಿ. ಗುಡ್ಡಕ್ಕೆ 2ಎಚ್, ಹೊಲಕ್ಕೆ ಎಚ್‌ಬಿ, ಮನೆ ಮತ್ತು ಮರಕ್ಕೆ 2ಬಿ, 4ಬಿ, ಅತಿ ಕಪ್ಪಿಗೆ 6ಬಿ. ದೂರದ ವಸ್ತುಗಳು ಮಾಸಲಾಗಿ ಕಾಣುವುದು ನಡುವಿನ ಗಾಳಿ, ಧೂಳು, ತೇವದಿಂದ. ಎಷ್ಟೋ ಸಲ ಗುಡ್ಡದ ನೆತ್ತಿಗಿಂತ ಬುಡವೇ ಹೆಚ್ಚು ಮಾಸಲಾಗಿರುತ್ತದೆ, ಏಕೆಂದರೆ ಮಂಜು ತಗ್ಗಿನಲ್ಲಿ ಕೂರುತ್ತದೆ. ಗುಡ್ಡದಲ್ಲಿ ಮರಗಳ ಗುರುತು ಹಾಕಲು ಹೋಗಬೇಡಿ. ಒಂದೇ ತಿಳಿ ಛಾಯೆ, ಒಂದು ಮೆದು ಅಂಚು ಸಾಕು. ಬಲಗೈಯವರು ಎಡದಿಂದ ಬಲಕ್ಕೆ, ಎಡಗೈಯವರು ಬಲದಿಂದ ಎಡಕ್ಕೆ, ಇಬ್ಬರೂ ಮೇಲಿನಿಂದ ಕೆಳಕ್ಕೆ ಸಾಗಿದರೆ ಅಂಗೈ ತಾಗಿ ಮಸಿಯಾಗುವುದು ಕಡಿಮೆ. ಬೆರಳಿನಿಂದ ತಿಕ್ಕಿ ನುಣುಪು ಮಾಡುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಚರ್ಮದ ಜಿಡ್ಡು ಕಾಗದಕ್ಕೆ ಹತ್ತಿ ಕಲೆ ನಿಲ್ಲುತ್ತದೆ, ಹುಲ್ಲೂ ಗೋಡೆಯೂ ಒಂದೇ ಹೊಗೆಯಾಗಿ ಕಾಣುತ್ತವೆ.

ಪೆನ್ಸಿಲಿನಲ್ಲಿ ಬಿಳಿ ಹುಲ್ಲಿನೆಳೆ ತರಲು ಒಂದು ಒಳ್ಳೆಯ ಉಪಾಯವಿದೆ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಖಾಲಿ ಕಾಗದದ ಮೇಲೆ ಹುಲ್ಲಿನ ಎಳೆಗಳನ್ನು ಗಟ್ಟಿಯಾಗಿ ಒತ್ತಿ ಎಳೆಯಿರಿ. ಏನೂ ಕಾಣುವುದಿಲ್ಲ, ಸಣ್ಣ ಗುಳಿ ಮಾತ್ರ ಬಿದ್ದಿರುತ್ತದೆ. ಅದರ ಮೇಲೆ 4ಬಿ ಪೆನ್ಸಿಲನ್ನು ಮಲಗಿಸಿ, ಮೊನೆಯ ಬದಿಯಿಂದ ಹಗುರವಾಗಿ ಬಳಿದರೆ ಗ್ರಾಫೈಟ್ ಗುಳಿಗಿಳಿಯದೆ ಎಳೆಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಬೇಲಿಗೂಟದ ಬುಡದಲ್ಲಿ ಏಳೆಂಟು ಎಳೆ ಸಾಕು. ಕರಡು ಹಾಕುವಾಗ 2ಎಚ್ ಪೆನ್ಸಿಲನ್ನು ಒತ್ತಿದರೆ ಬೇಡದ ಕಡೆ ಬಿಳಿಗೆರೆ ಏಳುವುದೂ ಇದೇ ಕಾರಣಕ್ಕೆ.

ಶಾಯಿಯಲ್ಲಾದರೆ

ಇಲ್ಲಿ ಕ್ರಮ ತಿರುವುಮುರುವು. ಬಾಹ್ಯರೇಖೆಯನ್ನು ಮುಂದಿನ ವಸ್ತುವಿನಿಂದ ಹಿಂದಕ್ಕೆ ಹಾಕಬೇಕು. ಬೇಲಿಗೂಟ ಮೊದಲು, ಆಮೇಲೆ ಅದರ ಹಿಂದಿನ ಮನೆ, ಕೊನೆಗೆ ಗುಡ್ಡ. ಹಿಂದಿನ ಗೆರೆ ಮುಂದಿನ ವಸ್ತುವನ್ನು ತಲುಪುವ ಒಂದು ಮಿ.ಮೀ. ಮೊದಲೇ ನಿಲ್ಲಲಿ. ಆ ಸಣ್ಣ ಬಿಳಿ ಸಂದು ಗೂಟವನ್ನು ಮನೆಯಿಂದ ಮುಂದಕ್ಕೆ ತಳ್ಳುತ್ತದೆ. ಗುಡ್ಡವನ್ನು ಮೊದಲು ಹಾಕಿದರೆ ಅದರ ಗೆರೆ ಗೂಟದೊಳಗಿಂದ ಹಾದುಹೋಗುವುದು ಖಚಿತ.

ಮುಂದೆ 0.5, ನಡುವೆ 0.3, ದೂರಕ್ಕೆ 0.1. ಬಿಸಿಲು ಬಿದ್ದ ಕಡೆ ಬಾಹ್ಯರೇಖೆಯನ್ನು ಅಲ್ಲಲ್ಲಿ ಕಡಿದುಬಿಡಿ, ನೆರಳಿನ ಕಡೆ ಪೂರ್ತಿ ಎಳೆಯಿರಿ. ಸುತ್ತಲೂ ಒಂದೇ ದಪ್ಪದ ಮುಚ್ಚಿದ ಗೆರೆ ಹಾಕಿದರೆ ಮನೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಛಾಯೆಗೆ ಓರೆಗೆರೆ, ಅಂದರೆ ಹ್ಯಾಚಿಂಗ್. 0.1 ಪೆನ್ನಿನಲ್ಲಿ ಸುಮಾರು ಒಂದು ಮಿ.ಮೀ. ಅಂತರದ ಸಮಾನಾಂತರ ಗೆರೆಗಳ ಒಂದು ಪದರ ತಿಳಿಬೂದು ಕೊಡುತ್ತದೆ. ಅದು ಒಣಗಿದ ಮೇಲೆ 20–30 ಡಿಗ್ರಿ ಓರೆಯಾಗಿ ಇನ್ನೊಂದು ಪದರ ಹಾಕಿದರೆ ನಡುಬೂದು, ಮೂರನೆಯದು ಕಡುಬೂದು. ಸರಿ 90 ಡಿಗ್ರಿಗೆ ಅಡ್ಡ ಹಾಕಿದರೆ ಕಿಟಕಿಯ ಜಾಲರಿಯಂತಾಗಿ ಕಣ್ಣು ಗೋಡೆಯನ್ನು ಬಿಟ್ಟು ಚೌಕಗಳನ್ನೇ ನೋಡುತ್ತದೆ. ಗೆರೆಯ ಕೊನೆಯಲ್ಲಿ ಪೆನ್ನನ್ನು ಎಳೆಯುತ್ತಲೇ ಎತ್ತಬೇಕು. ನಿಲ್ಲಿಸಿ ಎತ್ತಿದರೆ ಅಲ್ಲೊಂದು ಚುಕ್ಕಿ ನಿಲ್ಲುತ್ತದೆ, ಅಂಥ ಚುಕ್ಕಿಗಳ ಸಾಲು ಬೇಡದ ಅಂಚಾಗುತ್ತದೆ. ಮಣಿಕಟ್ಟನ್ನು ತಿರುಚುವ ಬದಲು ಹಾಳೆಯನ್ನೇ ತಿರುಗಿಸಿ. ನಿಮ್ಮ ಕೈಗೆ ಸಲೀಸಾದ ದಿಕ್ಕು ಒಂದೇ ಇರುತ್ತದೆ.

ಗೆರೆಯ ದಿಕ್ಕು ವಸ್ತುವಿನ ಮೈಯನ್ನು ಹೇಳಬೇಕು. ನಿಂತ ಗೋಡೆಗೆ ಲಂಬ, ಮಾಡಿಗೆ ಅದರ ಇಳಿಜಾರು, ನೆಲದ ನೆರಳಿಗೆ ಅಡ್ಡಗೆರೆ, ಕಾಂಡಕ್ಕೆ ಸುತ್ತು ಬಳಸುವ ಬಾಗುಗೆರೆ. 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನ ಹೊರಗಿನ ಬಯಲನ್ನು ಜೊಂಡಿನ ಪೆನ್ನಿನಲ್ಲಿ ಬಿಡಿಸಿದ ಡಚ್ ಕಲಾವಿದ ವಿನ್ಸೆಂಟ್ ವಾನ್ ಗೋ ಅವರ ಚಿತ್ರಗಳನ್ನು ಇದಕ್ಕಾಗಿಯೇ ನೋಡಬೇಕು. ಮುಂದಿನ ಹುಲ್ಲಿಗೆ ದಪ್ಪ ಬೀಸುಗೆರೆ, ನಡುವಿನ ಹೊಲಕ್ಕೆ ಗಿಡ್ಡ ಕಡ್ಡಿಗೆರೆ, ದೂರಕ್ಕೆ ಹೋದಂತೆ ಬರೀ ಚುಕ್ಕಿ. ಕಪ್ಪು ಬಿಳುಪಿನ ಛಾಯೆಯನ್ನು ಹೆಚ್ಚು ಬದಲಿಸದೆ, ಗುರುತುಗಳ ಗಾತ್ರದಿಂದಲೇ ದೂರವನ್ನು ತೋರಿಸಿದ್ದಾರೆ.

ಡಿಪ್ ಪೆನ್ನಿಗೆ ಎರಡು ಮಾತು. ನಿಬ್ಬಿನ ನಡುವಿನ ತೂತು ಮುಳುಗುವಷ್ಟೇ ಅದ್ದಿ, ಶೀಸೆಯ ಬಾಯಿಗೆ ತಾಗಿಸಿ ಹೆಚ್ಚಿನ ಹನಿ ಇಳಿಸಿ. ನಿಬ್ಬನ್ನು ನಿಮ್ಮತ್ತ ಇಲ್ಲವೇ ಪಕ್ಕಕ್ಕೆ ಎಳೆಯಬಹುದು, ಮುಂದಕ್ಕೆ ತಳ್ಳಬಾರದು. ತಳ್ಳಿದರೆ ಸೀಳಿನ ಎರಡು ತುದಿ ಕಾಗದದ ನಾರಿಗೆ ಸಿಕ್ಕಿ ಚಿಮ್ಮಿ, ತಿಳಿ ಆಕಾಶದ ತುಂಬ ಶಾಯಿಯ ಹನಿ.

ಮರ

ಹಳ್ಳಿಯ ನೋಟಗಳಲ್ಲಿ ಹೆಚ್ಚು ಕೆಡುವುದು ಮರವೇ, ಆದ್ದರಿಂದ ಇಲ್ಲಿ ನಿಧಾನ ಬೇಕು. ಎಲೆಯಿಂದ ಶುರು ಮಾಡಿದವರಿಗೆ ಮರ ಸಿಗುವುದಿಲ್ಲ. ಮೊದಲು ಹೊರ ಆಕಾರ: ಕೊಡೆಯಂತೆ ಹರಡಿದೆಯೇ, ಮೊಟ್ಟೆಯಂತಿದೆಯೇ, ಕಂಬದಂತಿದೆಯೇ? ಅಗಲ ಎತ್ತರಕ್ಕಿಂತ ಹೆಚ್ಚೋ ಕಡಿಮೆಯೋ? ತೋಳು ಚಾಚಿ ಪೆನ್ಸಿಲಿನಲ್ಲಿ ಅಳೆಯಿರಿ. ಕಾಂಡ ಕಾಣುವ ಎತ್ತರ ಒಟ್ಟು ಮರದ ಎಷ್ಟನೇ ಒಂದು ಪಾಲು ಎಂಬುದನ್ನೂ ನೋಡಿ. ಅಂದಾಜಿನಲ್ಲಿ ಎಲ್ಲರೂ ಕಾಂಡವನ್ನು ಇರುವುದಕ್ಕಿಂತ ಉದ್ದ ಮಾಡುತ್ತಾರೆ.

ಆಮೇಲೆ ಕೊಂಬೆ. ಒಂದು ಮಟ್ಟದಲ್ಲಿರುವ ಎಲ್ಲ ಕೊಂಬೆಗಳನ್ನು ಒಟ್ಟು ಸೇರಿಸಿದರೆ ಕಾಂಡದ ದಪ್ಪಕ್ಕೆ ಸಮನಾಗುತ್ತದೆ ಎಂದು ಲಿಯೊನಾರ್ಡೊ ಡ ವಿಂಚಿ ಗುರುತಿಸಿದ್ದರು. ಬಿಡಿಸುವವರ ಕೈಗೆ ಇದರಿಂದ ಸಿಗುವ ಪಾಠ ಇಷ್ಟು: ಕೊಂಬೆ ಕವಲೊಡೆದಾಗಲೆಲ್ಲ ಸಣ್ಣದಾಗುತ್ತದೆ, ಎರಡು ಕವಲುಗಳ ನಡುವೆ ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತದೆ. ಕ್ಯಾರೆಟ್ಟಿನಂತೆ ಬುಡದಿಂದ ತುದಿಗೆ ಸಪೂರವಾಗುವ ಕೊಂಬೆ ಬಿಡಿಸಿದರೆ ಮರ ಆಟಿಕೆಯಂತಾಗುತ್ತದೆ. ಕೊಂಬೆಗಳು ಎಡಬಲಕ್ಕೆ ಮಾತ್ರವಲ್ಲ, ನಮ್ಮ ಕಡೆಗೂ ಹಿಂದಕ್ಕೂ ಚಾಚಿರುತ್ತವೆ. ನಮ್ಮತ್ತ ಬರುವ ಕೊಂಬೆ ಗಿಡ್ಡವಾಗಿ, ಕಾಂಡವನ್ನು ಅಡ್ಡ ಹಾದು ಕಾಣಬೇಕು. ಅಂಥ ಒಂದಾದರೂ ಇರದ ಮರ ಪುಸ್ತಕದಲ್ಲಿ ಒತ್ತಿಟ್ಟ ಎಲೆಯಂತೆ ಚಪ್ಪಟೆ.

ಈಗ ಎಲೆಗಳ ಗೊಂಚಲು. ಅರೆಮುಚ್ಚಿದ ಕಣ್ಣಿಗೆ ಮರ ಐದಾರು ದೊಡ್ಡ ಮುದ್ದೆಗಳಾಗಿ ಕಾಣುತ್ತದೆ. ಪ್ರತಿ ಮುದ್ದೆಗೂ ಬಿಸಿಲಿಗೆ ತೆರೆದ ನೆತ್ತಿ, ನೆರಳಿನ ಅಡಿಭಾಗ ಇದೆ. ನೆತ್ತಿಯನ್ನು ಖಾಲಿ ಬಿಡಿ. ಅಡಿಯಿಂದ ಶುರು ಮಾಡಿ, 0.3 ಪೆನ್ನಿನಲ್ಲಿ ಮೂರು ನಾಲ್ಕು ಮಿ.ಮೀ. ಉದ್ದದ, ದಿಕ್ಕು ಬದಲಿಸುತ್ತ ಹೋಗುವ ವಕ್ರಗೆರೆಗಳನ್ನು ಒತ್ತೊತ್ತಾಗಿ ಹಾಕಿ. ನೆತ್ತಿಯತ್ತ ಬಂದಂತೆ ವಿರಳವಾಗಲಿ. ಒಂದು ಮುದ್ದೆಯ ಕಪ್ಪು ಅಡಿ ಅದರ ಕೆಳಗಿನ ಮುದ್ದೆಯ ಬಿಳಿ ನೆತ್ತಿಗೆ ಹಿನ್ನೆಲೆಯಾಗುತ್ತದೆ. ಹಾಗಾಗಿ ನೆತ್ತಿಗೆ ಪ್ರತ್ಯೇಕ ಗೆರೆ ಬೇಕಾಗುವುದೇ ಇಲ್ಲ. ಅಂಚಿನಲ್ಲಿ ಅಲ್ಲಲ್ಲಿ ಮೂರು ನಾಲ್ಕು ಎಲೆಯನ್ನು ಬಿಡಿಬಿಡಿಯಾಗಿ ತೋರಿಸಿದರೆ ಉಳಿದದ್ದನ್ನು ನೋಡುವ ಕಣ್ಣೇ ಎಲೆ ಎಂದುಕೊಳ್ಳುತ್ತದೆ. ಮುದ್ದೆಗಳ ನಡುವೆ ಆಕಾಶದ ಕಿಂಡಿಗಳನ್ನು ಬಿಡಿ, ಗಾತ್ರ ಒಂದೇ ಇರದಿರಲಿ, ಒಂದೆರಡು ಕಿಂಡಿಯಲ್ಲಿ ಕೊಂಬೆ ಹಾದುಹೋಗಲಿ. ಪೆನ್ಸಿಲಿನಲ್ಲಾದರೆ ಈ ಕಿಂಡಿಗಳನ್ನು ಹೊರಗಿನ ಆಕಾಶಕ್ಕಿಂತ ಒಂದು ಎಳೆ ಬೂದಾಗಿಸಿ. ಪೂರ್ತಿ ಬಿಳಿ ಬಿಟ್ಟರೆ ಮರದಲ್ಲಿ ದೀಪ ಹಚ್ಚಿಟ್ಟಂತೆ ಕಾಣುತ್ತದೆ.

ಬುಡ ನೆಲಕ್ಕೆ ತಾಗುವಲ್ಲಿ ಸ್ವಲ್ಪ ಅಗಲವಾಗಿ ಬೇರಾಗಿ ಹರಡಬೇಕು, ಹುಲ್ಲು ಅದನ್ನು ಅರ್ಧ ಮುಚ್ಚಬೇಕು. ನೇರ ಅಡ್ಡಗೆರೆಯಲ್ಲಿ ಮುಗಿಸಿದ ಕಾಂಡ ಕಂಬ ನೆಟ್ಟಂತಿರುತ್ತದೆ. ಬಿದಿರಿಗೆ, ತಾಳೆ ಜಾತಿಗೆ ಈ ಮುದ್ದೆಯ ವಿಧಾನ ಒಗ್ಗುವುದಿಲ್ಲ. ಅಲ್ಲಿ ಎಲೆದಿಂಡಿನ ಬಾಗು ಮೊದಲು, ಆಮೇಲೆ ಅದರಿಂದ ಜೋತ ಎಲೆಗಳು.

ಮಾಡು, ಹೊಲ, ಬೇಲಿ

ಹುಲ್ಲುಮಾಡಿನ ಬಿಸಿಲು ಮುಖ ನಾವು ಕಾಪಾಡಿಕೊಂಡು ಬಂದ ಬಿಳಿಗಳಲ್ಲಿ ಒಂದು. ಒಂದೊಂದೇ ಹುಲ್ಲುಕಡ್ಡಿ ಎಣಿಸಿ ಎಳೆದರೆ ಅದು ಬೂದು ಕಂಬಳಿಯಾಗುತ್ತದೆ. ಸೂರಿನ ಹರಿದ ಅಂಚಿನಲ್ಲಿ ಗಿಡ್ಡ ಗೆರೆಗಳ ಕುಚ್ಚು, ನೆತ್ತಿಯ ಬಳಿ ಸ್ವಲ್ಪ, ನಡುವೆ ಇಳಿಜಾರಿನ ದಿಕ್ಕಿಗೆ ಏಳೆಂಟು ಕಡಿದ ಗೆರೆ, ಅಷ್ಟೇ. ಹೆಂಚಿನ ಮಾಡಾದರೂ ಇದೇ ನ್ಯಾಯ. ಅಂಚಿನಲ್ಲಿ ಒಂದೆರಡು ಸಾಲು, ನಡುವೆ ಅಲ್ಲೊಂದು ಇಲ್ಲೊಂದು ಗುಂಪು. ಮಾಡಿಗೆ ತೂಕ ಬರುವುದು ಸೂರಿನಡಿಯ ನೆರಳಿನಿಂದ. ಸೂರು ಗೋಡೆಯ ಮೇಲೆ ಚೆಲ್ಲುವ ನೆರಳಿನ ಪಟ್ಟಿಯನ್ನು ಮೂರು ಪದರ ಓರೆಗೆರೆಯಲ್ಲಿ ಗಟ್ಟಿಯಾಗಿ ಹಾಕಿ, ಅದರ ಕೆಳಗಂಚು ಸೂರಿನ ಏರಿಳಿತವನ್ನೇ ಹಿಂಬಾಲಿಸಲಿ. ಬಾಗಿಲಿನೊಳಗಿನ ಕಪ್ಪನ್ನು ಬಳಿದು ಮುಚ್ಚಬೇಡಿ. ನಾಲ್ಕು ಪದರ ಗೆರೆಯ ನಡುವೆ ಸೂಜಿಮೊನೆಯಷ್ಟು ಬಿಳಿ ಉಳಿದರೆ ಒಳಗೆ ಗಾಳಿಯಾಡುತ್ತದೆ.

ಉತ್ತ ಹೊಲದ ಸಾಲುಗಳು ದಿಗಂತದ ಒಂದೇ ಬಿಂದುವಿನತ್ತ ಕೂಡುತ್ತ ಹೋಗಲಿ. ಮುಂದೆ ಸಾಲಿನ ಗುಂಡಿಗೆ ನೆರಳು ಕೊಡಿ, ಹಿಂದಕ್ಕೆ ಹೋದಂತೆ ಗೆರೆ ಮಾತ್ರ, ಕೊನೆಗೆ ಅದೂ ಬೇಡ. ಹುಲ್ಲನ್ನು ಬುಡದಿಂದ ತುದಿಗೆ ಬೀಸಿ ಎತ್ತಬೇಕು, ಆಗಷ್ಟೇ ತುದಿ ಚೂಪಾಗುತ್ತದೆ. ಎಲ್ಲೆಡೆ ಹುಲ್ಲು ಬಿಡಿಸಬೇಡಿ. ದಾರಿಯ ಅಂಚು, ಗೂಟದ ಬುಡ, ನೆರಳಿನ ಗಡಿಯಲ್ಲಿ ಸಾಕು.

ಬೇಲಿಗೂಟಗಳ ನಡುವಿನ ಅಂತರ ದೂರ ಹೋದಂತೆ ಕಿರಿದಾಗಬೇಕು. ಅದಕ್ಕೊಂದು ಸುಲಭ ಲೆಕ್ಕ ಇದೆ. ಮೊದಲ ಗೂಟದ ನೆತ್ತಿಯಿಂದ ಎರಡನೆಯ ಗೂಟದ ನಡುಭಾಗದ ಮೂಲಕ ಒಂದು ಗೆರೆ ಎಳೆದರೆ ಅದು ನೆಲದ ಗೆರೆಗೆ ತಾಗುವಲ್ಲಿ ಮೂರನೆಯ ಗೂಟ. ಹೀಗೇ ಮುಂದೆ. ಲೆಕ್ಕ ಮುಗಿದ ಮೇಲೆ ಒಂದೆರಡನ್ನು ಓರೆ ಮಾಡಿ, ಒಂದನ್ನು ಮೋಟು ಮಾಡಿ. ಹಳೆಯ ಬೇಲಿ ಸೆಟೆದು ನಿಂತಿರುವುದಿಲ್ಲ.

ನೋಟದಲ್ಲಿ ಕೆರೆಯೋ ಹೊಂಡವೋ ಇದ್ದರೆ ಪ್ರತಿಬಿಂಬ ವಸ್ತುವಿನ ನೇರ ಕೆಳಗೇ ಬೀಳುತ್ತದೆ, ನೆರಳಿನಂತೆ ಪಕ್ಕಕ್ಕೆ ಓಡುವುದಿಲ್ಲ. ಕಪ್ಪು ವಸ್ತು ನೀರಿನಲ್ಲಿ ತುಸು ತಿಳಿಯಾಗಿ, ಬಿಳಿ ವಸ್ತು ತುಸು ಮಸಕಾಗಿ ಕಾಣುತ್ತದೆ. ಲಂಬಗೆರೆಗಳಲ್ಲಿ ಪ್ರತಿಬಿಂಬ ಹಾಕಿ, ಅಡ್ಡಕ್ಕೆ ಒಂದೆರಡು ಬಿಳಿ ಪಟ್ಟಿ ಬಿಟ್ಟರೆ ನೀರು ಮಟ್ಟಸವಾಗಿ ಮಲಗುತ್ತದೆ.

ಕೈತಪ್ಪಿದಾಗ, ಮುಗಿಸುವಾಗ

ಕರಡು ಗೆರೆಗಳನ್ನು ಅಳಿಸುವ ಅವಸರ ಬೇಡ. ಫೈನ್‌ಲೈನರ್ ಗೆರೆಗೆ ಹತ್ತು ಹದಿನೈದು ನಿಮಿಷ, ಇಂಡಿಯನ್ ಇಂಕಿನ ದಪ್ಪ ಗೆರೆಗೆ ಒಂದು ರಾತ್ರಿ ಕೊಡಿ. ನೀಡೆಡ್ ರಬ್ಬರನ್ನು ಒತ್ತಿ ಎತ್ತಿ, ತಿಕ್ಕಬೇಡಿ. ತಿಕ್ಕಿದರೆ ಕರಿ ಶಾಯಿಯೂ ಮಾಸಿ ಬೂದಾಗುತ್ತದೆ. ಹಾಗಾದ ಕಡೆ ಮುಖ್ಯ ಕಪ್ಪನ್ನು ಮತ್ತೊಮ್ಮೆ ಗಟ್ಟಿ ಮಾಡಬೇಕಾಗುತ್ತದೆ.

ಚಿತ್ರವನ್ನು ತಲೆಕೆಳಗಾಗಿ ಹಿಡಿದು ಎರಡು ಮೀಟರ್ ದೂರದಿಂದ ನೋಡಿ. ಮನೆ, ಮರದ ಹೆಸರು ಮರೆತು ಬರೀ ಕಪ್ಪು ಬಿಳುಪಿನ ತೇಪೆ ಕಾಣುತ್ತದೆ. ಕರಡಿನ ಜತೆ ಹೋಲಿಸಿ. ಎಲ್ಲವೂ ಒಂದೇ ನಡುಬೂದಾಗಿದ್ದರೆ ಹೊಸ ವಿವರ ಸೇರಿಸಬೇಡಿ, ಸೂರಿನಡಿ ಮತ್ತು ಮರದ ಅಡಿಯ ಕಪ್ಪನ್ನು ಒಂದು ಪದರ ಹೆಚ್ಚಿಸಿ. ಪಕ್ಕದ ಕಪ್ಪು ಗಟ್ಟಿಯಾದರೆ ದಾರಿಯ ಬಿಳಿ ತಾನಾಗಿ ಬೆಳಗುತ್ತದೆ.

ಉಳಿಯಬೇಕಾದ ಬಿಳಿಯ ಮೇಲೆ ಹನಿ ಬಿದ್ದಿದ್ದರೆ ಒರೆಸಬೇಡಿ. ಹೀರುಗಾಗದದ ಮೂಲೆಯನ್ನು ಹನಿಗೆ ತಾಗಿಸಿ ಶಾಯಿ ಏರಲು ಬಿಡಿ. ಮಾರನೆಯ ದಿನ, ಕಾಗದ 200 ಜಿಎಸ್‌ಎಂ ಅಥವಾ ದಪ್ಪವಿದ್ದರೆ, ಬ್ಲೇಡಿನ ಮೂಲೆಯಿಂದ ಹಗುರವಾಗಿ ಹೆರೆಯಬಹುದು. ಆ ಜಾಗದ ನಾರು ಎದ್ದಿರುತ್ತದೆ. ಮೇಲೊಂದು ತೆಳು ಕಾಗದ ಇಟ್ಟು ಉಗುರಿನಿಂದ ಉಜ್ಜಿ ಕೂರಿಸಿ, ಆದರೂ ಅಲ್ಲಿ ಮತ್ತೆ ಪೆನ್ನಾಡಿಸಬೇಡಿ, ಶಾಯಿ ಹರಡುತ್ತದೆ.

ಪೆನ್ಸಿಲ್ ಚಿತ್ರಕ್ಕೆ ಗ್ರಾಫೈಟ್ ಉಜ್ಜಿಹೋಗದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಬೇಕು. ಗಾಳಿಯಾಡುವ ಕಡೆ 30 ಸೆಂ.ಮೀ. ದೂರದಿಂದ ಎರಡು ಮೂರು ತೆಳು ಪದರ, ನಡುವೆ ಒಣಗಲು ಬಿಡುವು. ಒಂದೇ ಸಲ ನೆನೆಯುವಷ್ಟು ಹೊಡೆದರೆ 6ಬಿಯ ಕಪ್ಪು ಕಲೆಗಟ್ಟುತ್ತದೆ. ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಆಮ್ಲರಹಿತ ತೆಳು ಕಾಗದ ಇಡಿ. ಪತ್ರಿಕೆಯ ಹಾಳೆ ಇಟ್ಟರೆ ಅದರ ಆಮ್ಲ ವರ್ಷಗಳಲ್ಲಿ ನಿಮ್ಮ ಕಾಗದಕ್ಕೂ ಇಳಿದು, ಅಷ್ಟು ಜತನದಿಂದ ಉಳಿಸಿದ ಆಕಾಶ ಹಳದಿಯಾಗುತ್ತದೆ.